ಪಾಠ ಹನ್ನೊಂದು: ಮಾಡುವವರು, ಮಾಡಿಸುವವರು

೩ ಜನವರಿ

ವಿದ್ಯಾರ್ಥಿ ಸಂಖ್ಯೆ ೪೧೭ ಅವರಿಗೆ,

ಹನ್ನೊಂದನೆಯ ಪಾಠದ ನಿಮ್ಮ ಉತ್ತರದ ಹಾಳೆ ತಲುಪಿತು. ಹತ್ತಕ್ಕೆ ಎರಡು. ಆ ಎರಡೂ ಅಕ್ಷರ ದುಂಡಗಿದೆ ಅಂತ ಕೊಟ್ಟದ್ದು.

'ತಾಯಿ ಮಗುವಿಗೆ ಹಾಲು ಕುಡಿಸಿದಳು', 'ರಾಜನು ಅರಮನೆ ಕಟ್ಟಿಸಿದನು'. ಎರಡೂ ಗೈಡಿನಿಂದ ಎತ್ತಿದ್ದು. ಅಂಚೆ ಮೂಲಕ ಇಂಗ್ಲಿಷ್ ಕಲಿಸುವ ಈ ಸಂಸ್ಥೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಹಾಳೆ ತಿದ್ದುತ್ತಿದ್ದೇನೆ. ಅಂದಿನಿಂದ ಅದೇ ರಾಜ ಅದೇ ಅರಮನೆ ಕಟ್ಟಿಸುತ್ತಿದ್ದಾನೆ, ಇನ್ನೂ ಛಾವಣಿ ಹಾಕಿಸಿಲ್ಲ.

ಕನ್ನಡದವರು ಈ ಪಾಠದಲ್ಲಿ ಎಡವುವುದು ಸಹಜ. ನಮಗೆ ಒಂದು 'ಇಸು' ಸಾಕು. ಹೆದರಿಸಿ ಮಾಡಿಸಿದರೂ ಮಾಡಿಸಿದ್ದೇ, ಕೈಮುಗಿದು ಮಾಡಿಸಿದರೂ ಮಾಡಿಸಿದ್ದೇ. ಇಂಗ್ಲಿಷಿನವರು ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ. ಬೇಡ ಅನ್ನುವವರನ್ನು ಒತ್ತಾಯದಿಂದ ಮಾಡಿಸಿದರೆ ಮೇಕ್. ಅದು ಅವರ ಕೆಲಸವೇ, ನೀವು ಹೇಳಿ ಮಾಡಿಸಿದಿರಿ, ಆಗ ಹ್ಯಾವ್. ಪುಸಲಾಯಿಸಿ ಮಾಡಿಸಿದರೆ ಗೆಟ್. ತಡೆಯಬಹುದಿತ್ತು, ತಡೆಯದೆ ಬಿಟ್ಟಿರಿ, ಆಗ ಲೆಟ್.

ಮುಂದಿನ ಸಲ ರಾಜನನ್ನು ಮಲಗಲು ಬಿಡಿ. ನೀವು ಕೆಲಸ ಮಾಡುವ ಜಾಗದಲ್ಲಿ ಯಾರು ಯಾರ ಕೈಲಿ ಏನು ಮಾಡಿಸುತ್ತಾರೆ, ಅದನ್ನು ಬರೆಯಿರಿ. ನಿಜವಾದದ್ದನ್ನು ಬರೆದರೆ ತಪ್ಪು ಕಡಿಮೆಯಾಗುತ್ತದೆ.

ತಿದ್ದುವ ಮೇಷ್ಟ್ರು


೧೪ ಜನವರಿ

ಸರ್‌ಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಅಳು ಬಂತು, ಆಮೇಲೆ ರಾಜನ ನೆನಪಾಗಿ ನಗುವೂ ಬಂತು. ನಾನು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ನನ್ನದು ರೋಲರ್ ಇಸ್ತ್ರಿ. ಮಂಚದಗಲದ ಬಿಸಿ ಉರುಳೆ ತಿರುಗುತ್ತಿರುತ್ತದೆ, ಇಬ್ಬರು ಬೆಡ್‌ಶೀಟಿನ ಒಂದೊಂದು ಮೂಲೆ ಹಿಡಿದು ಒಳಗೆ ಬಿಡಬೇಕು. ಒಬ್ಬರು ಬೇಗ, ಒಬ್ಬರು ನಿಧಾನ ಆದರೆ ಬಟ್ಟೆ ಸೊಟ್ಟಗಾಗಿ ಕೈ ಸುಡುತ್ತದೆ.

ಆ ಕಡೆ ಮೂಲೆ ಹಿಡಿಯುವವಳು ಕುಳ್ಳಿ. ಎತ್ತರ ಸಾಲದೆ ಸೋಪಿನ ಡಬ್ಬಿಯ ಮೇಲೆ ನಿಲ್ಲುತ್ತಾಳೆ, ಅದಕ್ಕೆ ಆ ಹೆಸರು. ಹನ್ನೊಂದು ವರ್ಷದಿಂದ ಎದುರುಬದುರು ನಿಂತಿದ್ದೇವೆ. ನನಗೆ ಮಗಳು ಹುಟ್ಟಿದಾಗ ಮೂರು ತಿಂಗಳು ನನ್ನ ಪಾಳಿಯನ್ನೂ ಅವಳೇ ಮಾಡಿ ಕೆಲಸ ಉಳಿಸಿಕೊಟ್ಟಳು.

ನನಗೆ ಎದೆ ಕಟ್ಟುತ್ತದೆ, ಸರ್. ಇನ್ನೊಂದು ವರ್ಷ ಈ ಹಬೆಯಲ್ಲಿ ನಿಂತರೆ ಉಸಿರು ಮತ್ತೆ ಸರಿಯಾಗುವುದಿಲ್ಲ ಅಂದಿದ್ದಾರೆ ಡಾಕ್ಟರು. ಎರಡನೇ ಮಹಡಿಯಲ್ಲಿ ಅತಿಥಿಗಳ ಬಟ್ಟೆ ತೆಗೆದುಕೊಳ್ಳುವ ಕೌಂಟರ್ ಇದೆ. ಅಲ್ಲಿ ಕಿಟಕಿ ಇದೆ, ಕುರ್ಚಿ ಇದೆ. ಅಲ್ಲಿರುವವರು ಮೇ ತಿಂಗಳಲ್ಲಿ ಬಿಡುತ್ತಾರೆ. ಇಂಗ್ಲಿಷ್ ಬಂದವರಿಗೆ ಆ ಜಾಗ ಅಂತ ನಮ್ಮ ಲಾಂಡ್ರಿ ಮುಖ್ಯಸ್ಥೆ ಹೇಳಿದ್ದಾರೆ. ಅವರನ್ನು ಎಲ್ಲರೂ ಮೇಡಂ ಅನ್ನುತ್ತೇವೆ. ಈ ಕೋರ್ಸಿಗೆ ನನ್ನನ್ನು ಹೋಟೆಲಿನ ಕಡೆಯಿಂದ ಸೇರಿಸಿದ್ದೂ ಅವರೇ.

ಕುಳ್ಳಿ ಬೈಯುತ್ತಾಳೆ, "ನೀ ಮೇಲಕ್ಕೆ ಹೋದ್ರೆ ಈ ಮೂಲೆ ಯಾರೇ ಹಿಡೀತಾರೆ? ನಿನ್ ಇಂಗ್ಲಿಷ್‌ಗಿಷ್ಟು ಬೆಂಕಿ ಹಾಕ!" ಬೈದು, ಬಟ್ಟೆ ಬಿಡುತ್ತ ಬಿಡುತ್ತ ನನ್ನ ಪುಸ್ತಕದಿಂದ ಅವಳೇ ಪ್ರಶ್ನೆ ಕೇಳುತ್ತಾಳೆ.

ಹಾಳೆ ಜೊತೆಗಿದೆ. ಎಲ್ಲವೂ ನಿಜವಾದದ್ದು.

೪೧೭


೨೨ ಜನವರಿ

೪೧೭ ಅವರಿಗೆ,

ಆರು. ಈಗ ಮನುಷ್ಯರು ಬರೆದ ಹಾಗಿದೆ.

'ಮೇಡಂ ಮೇಡ್ ಕುಳ್ಳಿ ಟು ಕ್ಲೀನ್ ದಿ ಡ್ರೈನ್' ಎಂದು ಬರೆದಿದ್ದೀರಿ. ಮೇಕ್ ಬಂದ ಕಡೆ ನಡುವೆ 'ಟು' ಬರಬಾರದು. ಒತ್ತಾಯ ಮಾಡುವವರು ಮಧ್ಯೆ ಸಂದು ಬಿಡುವುದಿಲ್ಲ ಅಂತ ನೆನಪಿಟ್ಟುಕೊಳ್ಳಿ. ಗೆಟ್ ಆದರೆ 'ಟು' ಬೇಕು. ಪುಸಲಾಯಿಸುವುದಕ್ಕೆ ಸ್ವಲ್ಪ ದಾರಿ ಬೇಕಲ್ಲ.

ಒಂಬತ್ತನೆಯ ವಾಕ್ಯದಲ್ಲಿ 'ಶನಿವಾರದ ಬೆಡ್‌ಶೀಟುಗಳಿಗೆ ಮೇಡಂ ನಮ್ಮ ಕೈಲಿ ಏನು ಮಾಡಿಸಿದರೆಂದರೆ' ಎಂದು ಶುರುಮಾಡಿ ಹೊಡೆದುಹಾಕಿದ್ದೀರಿ. ಇಂಥ ವಾಕ್ಯಗಳನ್ನೇ ಪೂರ್ತಿ ಮಾಡಬೇಕು. ಶನಿವಾರ ಏನಾಯಿತು?

ಮೇಷ್ಟ್ರು


೬ ಫೆಬ್ರವರಿ

ಸರ್‌ಗೆ ನಮಸ್ಕಾರ.

ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನೀವು ಎಲ್ಲೋ ದೂರದಲ್ಲಿದ್ದೀರಿ, ನನ್ನ ಹೆಸರೂ ನಿಮಗೆ ಗೊತ್ತಿಲ್ಲ, ಹಾಗಾಗಿ ಬರೆದಿದ್ದೇನೆ.

ಶನಿವಾರ ರೂಮುಗಳೆಲ್ಲ ತುಂಬಿದ್ದವು, ಒಗೆಯುವ ದೊಡ್ಡ ಮೆಷಿನ್ ಕೆಟ್ಟಿತ್ತು. ಕಲೆ ಕಾಣದ ಬೆಡ್‌ಶೀಟುಗಳನ್ನು ಆರಿಸಿ, ನೀರು ಚಿಮುಕಿಸಿ, ಒಗೆಯದೆ ಹಾಗೇ ಇಸ್ತ್ರಿ ಮಾಡಿ ಮೇಲೆ ಕಳಿಸಿ ಅಂದರು ಮೇಡಂ. ಆಗ ಇದ್ದವರು ನಾನು ಮತ್ತು ಕುಳ್ಳಿ ಇಬ್ಬರೇ. ಯಾರೋ ಮಲಗಿ ಎದ್ದ ಬೆವರಿನ ವಾಸನೆ ಬಿಸಿಗೆ ಎದ್ದು ಬರುತ್ತಿತ್ತು. ಕುಳ್ಳಿ ಮೂಗು ಹಿಡಿದುಕೊಂಡು, "ಯಾರ್ ಯಾರ ಕನಸು ಯಾರ್ ಯಾರಿಗೆ ಬೀಳತ್ತೋ ಇವತ್ತು" ಅಂದಳು. ನಾನು ನಕ್ಕು ನಕ್ಕು ಕೆಮ್ಮಿದೆ.

ಇದನ್ನೆಲ್ಲ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಈ ಸಲ ಎಲ್ಲೂ ಹೆಚ್ಚಿನ 'ಟು' ಇಲ್ಲ.

೪೧೭


೧೫ ಫೆಬ್ರವರಿ

೪೧೭ ಅವರಿಗೆ,

ಒಂಬತ್ತು! ಈ ವರ್ಷ ನಾನು ಯಾರಿಗೂ ಒಂಬತ್ತು ಕೊಟ್ಟಿಲ್ಲ. 'ಮೇಡಂ ಮೇಡ್ ಅಸ್ ಐರನ್ ಡರ್ಟಿ ಶೀಟ್ಸ್.' ಒಂದಕ್ಷರ ಅಲ್ಲಾಡಿಸುವ ಹಾಗಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೇನೆ. ಕುಳ್ಳಿಯ ಮಾತನ್ನು ಓದಿ ಒಬ್ಬನೇ ನಕ್ಕೆ. ಇನ್ನೂ ಬರೆಯಿರಿ.

ಮೇಷ್ಟ್ರು


೪ ಮಾರ್ಚ್

ಸರ್‌ಗೆ ನಮಸ್ಕಾರ.

ಹಾಳೆ ಇಲ್ಲ.

ನಿನ್ನೆ ಪಾಳಿ ಶುರುವಾಗುವ ಮುಂಚೆ ಮೇಡಂ ಎಲ್ಲರನ್ನೂ ನಿಲ್ಲಿಸಿ ಹೇಳಿದರು, "ಒಗೆಯದಿರೋ ಬೆಡ್‌ಶೀಟ್ ವಿಷಯ ಈ ಕೋಣೆಯಿಂದ ಆಚೆ ಹೋಗಿದೆ. ಯಾರು ಅಂತ ನಂಗೊತ್ತು. ಅವರಾಗೇ ಬಂದು ಹೇಳ್ಲಿ ಅಂತ ಈ ತಿಂಗಳು ಪೂರ್ತಿ ಟೈಮ್ ಕೊಡ್ತೀನಿ." ಯಾರ ಮುಖವನ್ನೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನ್ನ ಕಿವಿ ಬಿಸಿಯಾಯಿತು. ಆದರೆ ನಾನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದರೆ ಬಾವಿಗೆ ಹಾಕಿದ ಹಾಗೆ, ಅಲ್ಲವೇ ಸರ್?

ಹಾಗಾದರೆ ಉಳಿದವಳು ಕುಳ್ಳಿ. ಅವಳ ಬಾಯಿ ಸುಮ್ಮನಿರುವುದಿಲ್ಲ, ಅದು ಇಡೀ ಲಾಂಡ್ರಿಗೆ ಗೊತ್ತು. ಆದರೆ ಇಂಥದ್ದನ್ನು ಹೇಳುತ್ತಾಳೆಯೇ? ಕೌಂಟರ್ ಕೈತಪ್ಪಿದರೆ ನಾನು ಉಳಿಯುವುದಿಲ್ಲ. ಏನು ಮಾಡಲಿ, ಹೇಳಿ.

೪೧೭


೯ ಮಾರ್ಚ್
(ಕರಡು. ಅಂಚೆಗೆ ಹಾಕಲಿಲ್ಲ.)

೪೧೭ ಅವರಿಗೆ,

ಕುಳ್ಳಿ ಹೇಳಿಲ್ಲ. ಹೇಳಿದ್ದು ನಾವು. ತಿದ್ದಿದ ಪ್ರತಿಯೊಂದು ಉತ್ತರದ ಹಾಳೆಯ ನಕಲು ಫೀಸು ಕಟ್ಟಿದವರಿಗೆ ಹೋಗುತ್ತದೆ. ಅದು ನಮ್ಮ ಸಂಸ್ಥೆಯ ಪದ್ಧತಿ. ಗುಮಾಸ್ತ ಜೆರಾಕ್ಸ್ ತೆಗೆದು ಲಕೋಟೆಗೆ ಹಾಕುತ್ತಾನೆ, ನಾನು ಸಹಿ ಮಾಡುತ್ತೇನೆ. ಕಾಗದಗಳು ಹೋಗುವುದಿಲ್ಲ, ಹಾಳೆಗಳು ಮಾತ್ರ. ನಿಮ್ಮ ಶನಿವಾರ ನನ್ನ ಎರಡು ಕೆಂಪು ಗೆರೆಗಳ ಸಮೇತ ನಿಮ್ಮ ಮೇಡಂ ಮೇಜಿಗೆ ಹೋಗಿದೆ. ನನಗೆ ಇದು ಮೊದಲೇ ಗೊತ್ತಿತ್ತು. ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಮುಂದೇನಾಯಿತು ಎಂದು ಓದುವ ಆಸೆ ನನಗೆ.

ಇದನ್ನು ನಿಮಗೆ ಹೇಳಿದರೆ ನೀವು ಜಗಳ ತೆಗೆಯುತ್ತೀರಿ. ನಿಮ್ಮ ಹೋಟೆಲಿನವರು ನಮ್ಮಲ್ಲಿ ಅರವತ್ತು ಜನರನ್ನು ಸೇರಿಸಿದ್ದಾರೆ. ಅವರನ್ನು ಕಳೆದುಕೊಂಡರೆ ಸಂಸ್ಥೆ ನನ್ನನ್ನು ಇಟ್ಟುಕೊಳ್ಳುವುದಿಲ್ಲ, ಈ ವಯಸ್ಸಿನಲ್ಲಿ ಇನ್ನೆಲ್ಲೂ


೧೨ ಮಾರ್ಚ್

೪೧೭ ಅವರಿಗೆ,

ದುಡುಕಬೇಡಿ. ಮೇಡಂ ಬಗ್ಗೆ ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಹವಾಮಾನದ ಬಗ್ಗೆ ಬರೆಯಿರಿ.

ಒಂದು ಮಾತು ಮಾತ್ರ ಹೇಳುತ್ತೇನೆ. ಗುಟ್ಟು ಹೊರಗೆ ಹೋಗುವುದು ಸಾಮಾನ್ಯವಾಗಿ ನಾವು ಪೂರ್ತಿ ನಂಬಿದವರ ಕೈಯಿಂದಲೇ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಮೇಷ್ಟ್ರು


೩೦ ಮಾರ್ಚ್

ಸರ್‌ಗೆ ನಮಸ್ಕಾರ.

ನೀವು ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಯಿತು. ನಾನು ಪೂರ್ತಿ ನಂಬಿದ್ದು ಒಬ್ಬಳನ್ನೇ. ಎರಡು ರಾತ್ರಿ ನಿದ್ದೆ ಮಾಡದೆ, ಮೂರನೆಯ ದಿನ ಮೇಡಂ ಕೋಣೆಗೆ ಹೋಗಿ ಕುಳ್ಳಿಯ ಹೆಸರು ಹೇಳಿದೆ. "ನೀನು ಕಣ್ಣಾರೆ ನೋಡಿದ್ಯಾ ಅವಳು ಹೇಳೋದನ್ನ?" ಅಂತ ಕೇಳಿದರು. ನೋಡಿದೆ ಅಂದೆ. ಹಾಗೆ ಹೇಳುತ್ತೇನೆ ಅಂತ ಬಾಗಿಲು ತೆಗೆಯುವವರೆಗೂ ನನಗೇ ಗೊತ್ತಿರಲಿಲ್ಲ. ಮೇಡಂ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕಾಫಿ ಕುಡಿದು ಹೋಗು ಅಂದರು.

ಶುಕ್ರವಾರ ರೋಲರ್ ಓಡುತ್ತಿದ್ದಾಗಲೇ ಅವಳನ್ನು ಡಬ್ಬಿಯಿಂದ ಕೆಳಗಿಳಿಸಿದರು. ಏಪ್ರನ್ ಬಿಚ್ಚಿಸಿಕೊಂಡರು, ರಬ್ಬರ್ ಚಪ್ಪಲಿ, ಬೀರುವಿನ ಕೀ ತೆಗೆದುಕೊಂಡರು. ಗೇಟಿನಲ್ಲಿ ಅವಳ ಊಟದ ಡಬ್ಬಿ ತೆಗೆಸಿ ನೋಡಿದರು. ಅವಳನ್ನು ಕೆಲಸದಿಂದ ತೆಗೆದ ಚೀಟಿಗೆ ನಾನು ಸಾಕ್ಷಿ ಸಹಿ ಹಾಕಬೇಕಾಗಿತ್ತು, ಅಲ್ಲೇ ನಿಂತಿದ್ದೆ. "ನಾನೇನ್ ಮಾಡ್ದೆ ಅಂತ ನೀನಾದ್ರೂ ಹೇಳೇ" ಅಂದಳು. ನನಗೇನು ಗೊತ್ತು ಅಂದೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ.

ಈಗ ಆ ಮೂಲೆಗೆ ಹೊಸಬಳು ಬಂದಿದ್ದಾಳೆ. ಬೇಗ ಎಳೆಯುತ್ತಾಳೆ, ಎರಡು ಸಲ ಕೈ ಸುಟ್ಟುಕೊಂಡೆ. ನಾನು ಮಾಡಿದ್ದು ಸರಿ ತಾನೇ, ಸರ್? ನೀವು ಹೇಳಿದ್ದರಿಂದ ಧೈರ್ಯ ಬಂತು. ನಿಮ್ಮ ಉಪಕಾರ ಮರೆಯುವುದಿಲ್ಲ.

೪೧೭


೮ ಏಪ್ರಿಲ್

೪೧೭ ಅವರಿಗೆ,

ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ, ಕೂತರೆ ಮನಸ್ಸು ಬದಲಾಗುತ್ತದೆ.

ಪೂರ್ತಿ ನಂಬಿದವರು ಎಂದು ನಾನು ಹೇಳಿದ್ದು ಕುಳ್ಳಿಯನ್ನಲ್ಲ, ನನ್ನನ್ನು. ತಿದ್ದಿದ ಹಾಳೆಗಳ ನಕಲು ಫೀಸು ಕಟ್ಟಿದವರಿಗೆ ಹೋಗುತ್ತದೆ. ನಿಮ್ಮದು ನಿಮ್ಮ ಮೇಡಂಗೆ ಹೋಗಿದೆ, ಎಲ್ಲವೂ. ಮಾರ್ಚಿನಲ್ಲೇ ಬರೆಯಲು ಕೂತೆ, ಬರೆದೆ, ಹೆದರಿ ಮೇಜಿನ ಖಾನೆಗೆ ಹಾಕಿದೆ. ಅದರ ಬದಲು ಆ ಒಗಟಿನಂಥ ಸಾಲು ಕಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆಯನ್ನು ನಿಮ್ಮ ಕೈಲಿ ಹಾಕಿಸಿದವನು ನಾನು.

ನನಗೆ ನಾಚಿಕೆಯಾಗುತ್ತಿದೆ. ನೀವು ಒಪ್ಪಿದರೆ ನಾನೇ ನಿಮ್ಮ ಮೇಡಂಗೆ ಬರೆದು ಕುಳ್ಳಿಯ ತಪ್ಪಿಲ್ಲ ಎಂದು ತಿಳಿಸುತ್ತೇನೆ. ಅದರಿಂದ ನಿಮ್ಮ ಕೌಂಟರ್ ಹೋಗಬಹುದು, ಹಾಗಾಗಿ ನಿರ್ಧಾರ ನಿಮ್ಮದು. ಮರುಟಪಾಲಿನಲ್ಲಿ ತಿಳಿಸಿ.

ಮೇಷ್ಟ್ರು


೨೯ ಏಪ್ರಿಲ್

೪೧೭ ಅವರಿಗೆ,

ಉತ್ತರ ಬರಲಿಲ್ಲ. ಆರೋಗ್ಯವಾಗಿದ್ದೀರಾ?

ಮೇಷ್ಟ್ರು


೨೦ ಮೇ

೪೧೭ ಅವರಿಗೆ,

ಬೈದಾದರೂ ನಾಲ್ಕು ಸಾಲು ಬರೆಯಿರಿ. ದಿನಾ ಟಪಾಲಿನ ಕಟ್ಟನ್ನು ನಾನೇ ಬಿಚ್ಚುತ್ತಿದ್ದೇನೆ.

ಮೇಷ್ಟ್ರು


೨ ಜೂನ್

ಮೇಷ್ಟ್ರೇ,

ಆರೋಗ್ಯ ಚೆನ್ನಾಗಿದೆ. ಕೆಮ್ಮು ಕಡಿಮೆಯಾಗಿದೆ. ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ದಿನ ಅದನ್ನು ಮೂರು ಸಲ ಓದಿದೆ. ಆಮೇಲೆ ಕುಳ್ಳಿಯ ಮನೆಗೆ ಹೊರಟೆ. ಅವಳ ಓಣಿಯ ತುದಿಯಲ್ಲಿ ಒಂದು ಊಟದ ಮನೆ ಇದೆ, ಅದರ ಹಿಂಬದಿಯಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ಮಸಿ ಕೈಯಲ್ಲೇ ನನ್ನ ಎದೆ ಮುಟ್ಟಿ, "ಕೆಮ್ಮು ಹೆಂಗಿದೆಯೇ?" ಅಂದಳು. ನಾನು ಹೇಳಲು ಹೋದದ್ದನ್ನು ಹೇಳಲಿಲ್ಲ. ವಾಪಸು ಬಂದೆ.

ಮರುದಿನ ಮೇಡಂಗಾದರೂ ಹೇಳೋಣ ಅಂತ ಅವರ ಕೋಣೆಗೆ ಹೋದೆ. ಬಾಯಿ ತೆಗೆಯುವ ಮುಂಚೆ ಅವರು ಖಾನೆ ಎಳೆದು ನನ್ನ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದರು. ನಿಮ್ಮ ಗೆರೆಗಳು ಜೆರಾಕ್ಸಿನಲ್ಲಿ ಕಪ್ಪಗೆ ಬಂದಿವೆ. "ಬರ್ದೋಳು ನೀನು ಅಂತ ಫೆಬ್ರವರಿಯಿಂದ ಗೊತ್ತು ನಂಗೆ. ನೀನು ಬಂದು ತಪ್ಪಾಯ್ತು ಅಂತೀಯೋ, ಇನ್ನೊಬ್ರ ಹೆಸ್ರು ಹೇಳ್ತೀಯೋ ಅಂತ ನೋಡ್ತಿದ್ದೆ. ತಪ್ಪಾಯ್ತು ಅಂದಿದ್ರೆ ನಿನ್ನೇ ಕಳಿಸ್ತಿದ್ದೆ" ಅಂದರು. ಕುಳ್ಳಿಗೂ ಬೆಡ್‌ಶೀಟಿನ ವಿಷಯ ಗೊತ್ತಿತ್ತು, ಅವಳು ಹೋಗಿದ್ದು ಒಳ್ಳೆಯದೇ ಆಯಿತಂತೆ. ನಾನು ಅವರ ಮುಷ್ಟಿಯಲ್ಲಿರುವುದು ಇನ್ನೂ ಒಳ್ಳೆಯದಂತೆ. "ಮೇ ತಿಂಗಳಲ್ಲಿ ಜಾಗ ಖಾಲಿಯಾದ್ಮೇಲೆ ಕೌಂಟರ್‌ಗೆ ಹೋಗು" ಅಂದರು.

ಹೋದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ ಎಲ್ಲರೂ. ಮಾಡಿಸಿದವರು ಏನು ಉಣ್ಣುತ್ತಾರೆ ಅನ್ನುವುದನ್ನು ಈಗ ದಿನಾ ಹತ್ತಿರದಿಂದ ನೋಡುತ್ತಿದ್ದೇನೆ. ಬಿಸಿಬಿಸಿಯಾಗಿ ಚೆನ್ನಾಗಿಯೇ ಉಣ್ಣುತ್ತಾರೆ.

ಹಾಳೆ ಜೊತೆಗಿದೆ, ಹತ್ತು ವಾಕ್ಯ. ನಕಲು ಈಗಲೂ ಹೋಗುತ್ತದೆ ತಾನೇ? ಬೇಗ ಕಳಿಸಿ.

೪೧೭


೧೦ ಜೂನ್

೪೧೭ ಅವರಿಗೆ,

ನಿಮ್ಮ ಹತ್ತು ವಾಕ್ಯಗಳಲ್ಲಿ ಒಂದೂ ತಪ್ಪಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಒಗೆಯುವ ವಿಭಾಗದ ಮೇಸ್ತ್ರಿ ತಂಗಿಯನ್ನು ಗದರಿಸಿ ಅವಳ ಕೈಲಿ ತನ್ನ ಹಾಜರಿ ಹಾಕಿಸುತ್ತಾನೆ. ಬಟ್ಟೆ ಮಡಿಸುವ ಮುದುಕಿ ತನ್ನ ಕೆಲಸವನ್ನು ಹೊಸ ಹುಡುಗಿಯರಿಂದ ಪುಸಲಾಯಿಸಿ ಮಾಡಿಸುತ್ತಾಳೆ. ಇನ್ನೊಬ್ಬಳು ಪಾಳಿಯ ಮಧ್ಯೆ ಮಗುವಿಗೆ ಹಾಲೂಡಿಸಲು ಹೋಗುತ್ತಾಳೆ, ಕಾವಲಿನವನು ನೋಡಿಯೂ ಬಿಡುತ್ತಾನೆ. ಮೇಕ್, ಗೆಟ್, ಲೆಟ್, ಎಲ್ಲವೂ ತಂತಮ್ಮ ಜಾಗದಲ್ಲಿವೆ. ಇದನ್ನು ನೀವು ನನಗೆ ಬರೆದಿಲ್ಲ. ನನ್ನ ಕೈಯಿಂದ ನಿಮ್ಮ ಮೇಡಂಗೆ ಮುಟ್ಟಿಸುತ್ತಿದ್ದೀರಿ. ಬಾಯಲ್ಲಿ ಹೇಳಿದರೆ ಚಾಡಿಯಾಗುತ್ತದೆ, ನನ್ನ ಸಹಿಯ ಕೆಳಗೆ ಹೋದರೆ ಪಾಠವಾಗುತ್ತದೆ.

ಈ ಹಾಳೆಯನ್ನು ನಾನು ತಿದ್ದುವುದಿಲ್ಲ, ಗುಮಾಸ್ತನಿಗೂ ಕೊಡುವುದಿಲ್ಲ. ಹಾಲೂಡಿಸುವವಳ ಕೆಲಸ ಹೋಗುತ್ತದೆ, ಅಷ್ಟೂ ಯೋಚಿಸಲಿಲ್ಲವೇ? ಕುಳ್ಳಿಯ ವಿಳಾಸ ಕೊಡಿ. ಅವಳಿಗೆ ನಾನೇ ಬರೆಯುತ್ತೇನೆ. ಕೈಮುಗಿದು ಕೇಳುತ್ತಿದ್ದೇನೆ.

ಮೇಷ್ಟ್ರು


೧೯ ಜೂನ್

ಮೇಷ್ಟ್ರೇ,

ಬರೆದು ಏನು ಹೇಳುತ್ತೀರಿ? ತಪ್ಪು ನನ್ನದು, ಕ್ಷಮಿಸು ಅಂತ ಕನ್ನಡದಲ್ಲೋ, ಇಂಗ್ಲಿಷಿನಲ್ಲೋ? ಮಾರ್ಚಿನಲ್ಲಿ ನಿಮ್ಮ ಕೈಯಲ್ಲಿ ಲೇಖನಿ ಇತ್ತು, ಬಾಯಿ ಇತ್ತು. ಈಗ ನಾನು ಕಿಟಕಿ ಪಕ್ಕ ಕೂತ ಮೇಲೆ ನಿಮಗೆ ಕರುಳು ಕಿತ್ತುಬಂತು.

ಹಾಲೂಡಿಸುವವಳ ಕೆಲಸ ಹೋಗಲಿಲ್ಲ. ಅವಳನ್ನು ಕರೆದು, ವಿಷಯ ನನಗೆ ಗೊತ್ತು ಅಂದೆ, ಅಷ್ಟೇ. ಈಗ ಅವಳು ನನ್ನ ಮಾತು ಮೀರುವುದಿಲ್ಲ. ಮೇಡಂಗೆ ಹಾಳೆ ತಲುಪದಿದ್ದರೂ ನಡೆಯುತ್ತದೆ, ತಲುಪಬಹುದು ಅನ್ನುವ ಹೆದರಿಕೆ ಇದ್ದರೆ ಸಾಕು. ಬರುವ ಒಂದನೇ ತಾರೀಕಿನಿಂದ ಇಡೀ ಇಸ್ತ್ರಿ ವಿಭಾಗವನ್ನೂ ಬಟ್ಟೆ ವಿಂಗಡಿಸುವ ಕಡೆಯನ್ನೂ ಮೇಡಂ ನನ್ನ ಕೈಕೆಳಗೆ ಕೊಟ್ಟಿದ್ದಾರೆ.

ಜೊತೆಗೆ ಆರು ಅರ್ಜಿಗಳಿವೆ. ನನ್ನ ಕೈಕೆಳಗಿನ ಆರು ಹೆಂಗಸರನ್ನು ನಿಮ್ಮ ಕೋರ್ಸಿಗೆ ಸೇರಿಸುತ್ತಿದ್ದೇನೆ. ಎಲ್ಲರಿಗೂ ಹನ್ನೊಂದನೆಯ ಪಾಠದಿಂದಲೇ ಶುರುಮಾಡಿಸಿ. ಫೀಸು ಕಟ್ಟುವವರ ಜಾಗದಲ್ಲಿ ವಿಭಾಗದ ಮುಖ್ಯಸ್ಥೆ ಅಂತ ನನ್ನನ್ನು ನಮೂದಿಸಿದ್ದಾರೆ, ನಕಲುಗಳು ನನ್ನ ಮೇಜಿಗೆ ಬರಬೇಕು. ನೀವು ಕೆಲಸ ಬಿಟ್ಟು ಹೋಗುತ್ತೀರಿ ಅಂತ ನಾನು ಹೆದರಿಲ್ಲ. ಬಿಡುವವರು ಏಪ್ರಿಲಿನಲ್ಲೇ ಬಿಡುತ್ತಿದ್ದರು.

ಆರನೆಯ ಅರ್ಜಿ ಕುಳ್ಳಿಯದು. ಹೌದು, ವಾಪಸು ಕರೆಸಿದ್ದೇನೆ. ಮೇಡಂ ಒಪ್ಪಲಿಲ್ಲ, ಅವಳ ಬಾಯಿಗೆ ನಾನು ಹೊಣೆ ಅಂತ ಬರೆದುಕೊಟ್ಟೆ. ಇಸ್ತ್ರಿಗಲ್ಲ, ಕೆಳಗೆ ಕೊಳೆ ಬಟ್ಟೆ ವಿಂಗಡಿಸುವ ಕಡೆಗೆ. ಬಂದ ದಿನ ನನ್ನ ಕೈ ಹಿಡಿದುಕೊಂಡು ಎಲ್ಲರ ಎದುರಿಗೇ ಅತ್ತಳು, "ಇವಳಿಲ್ದಿದ್ರೆ ನಾನು ಬೀದಿ ಪಾಲಾಗ್ತಿದ್ದೆ" ಅಂತ. ಅವಳು ನನ್ನ ಮುಂದೆ ನಗುತ್ತಾಳೆ. ಒಳಗೆ ಏನಿದೆ, ಯಾರಾದರೂ ಏನಾದರೂ ಕಿವಿಗೆ ಹಾಕಿದ್ದಾರಾ, ತಿಳಿಯದೆ ನನಗೆ ಅನ್ನ ಸೇರುತ್ತಿಲ್ಲ. ಅವಳು ಏನು ಬರೆಯುತ್ತಾಳೆ ಅನ್ನುವುದನ್ನು ನಾನು ಓದಲೇಬೇಕು. ಬರೆಸುವುದು ನಿಮಗೆ ಗೊತ್ತಿದೆ.

೪೧೭


೩೦ ಜುಲೈ

ಮಾನ್ಯರೇ,

ತಾವು ಕಳಿಸಿದ ಆರು ಅರ್ಜಿಗಳನ್ನೂ ಸಂಸ್ಥೆ ಸ್ವೀಕರಿಸಿದೆ. ಮೊದಲ ಐದು ವಿದ್ಯಾರ್ಥಿನಿಯರ ಹಾಳೆಗಳು ಇನ್ನೂ ಬಂದಿಲ್ಲ. ಆರನೆಯವರು, ಸಂಖ್ಯೆ ೫೮೩, ತಾವೇ ಕಲಿಸಿಕೊಟ್ಟಿರೆಂದು ಬರೆದು, ಮೂರೇ ವಾಕ್ಯ ಕಳಿಸಿದ್ದಾರೆ.

ಮೊದಲನೆಯದರಲ್ಲಿ, ಎದೆ ಕಟ್ಟುವ ಗೆಳತಿಗೆ ಹಬೆ ತಾಗದಿರಲಿ ಎಂದು ಬಿಸಿ ಬಟ್ಟೆಯ ಗಾಡಿಯನ್ನು ಯಾವಾಗಲೂ ತಾನೇ ಎಳೆಯುತ್ತಿದ್ದೆ ಎಂದಿದ್ದಾರೆ. ಅಲ್ಲಿ ಯಾರೂ ಯಾರ ಕೈಲೂ ಏನೂ ಮಾಡಿಸಿಲ್ಲವಾದ್ದರಿಂದ ಅಂಕ ಕೊಡಲಾಗಲಿಲ್ಲ. ಎರಡನೆಯದರಲ್ಲಿ, ಗೆಳತಿ ತನಗೆ ಕೆಲಸ ವಾಪಸು ಕೊಡಿಸಿದಳು ಎಂದಿದೆ. ಕಾಗುಣಿತ ತಿದ್ದಿದ್ದೇನೆ.

ಮೂರನೆಯದನ್ನು ಹಾಗೇ ಕೊಡುತ್ತೇನೆ: 'ಮೈ ಫ್ರೆಂಡ್ ವಿಲ್ ನೆವರ್ ಲೆಟ್ ದೆಮ್ ಥ್ರೋ ಮಿ ಔಟ್.'

ಅದರಲ್ಲಿ ತಿದ್ದಲು ಏನೂ ಇರಲಿಲ್ಲ. ಪೂರ್ಣ ಅಂಕ ಕೊಟ್ಟಿದ್ದೇನೆ. ಪದ್ಧತಿಯಂತೆ ನಕಲನ್ನು ಇದರ ಜೊತೆ ಇಟ್ಟಿದೆ.

ತಮ್ಮ ವಿಶ್ವಾಸಿ,
ತಿದ್ದುವ ಮೇಷ್ಟ್ರು